ಶೇಂಗಾ ಸುಲಿಯುವ ಸದ್ದು

ಮಂಗಳೂರು ಅಂದ ಕೂಡಲೇ ಎಲ್ಲರೂ ಕಡಲನ್ನು ನೆನೆಯುತ್ತಾರೆ. ನಮ್ಮ ಮಂಗಳೂರಿನಲ್ಲಿ ಕಡಲಿಲ್ಲ. ಅದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಊರು. ಸುತ್ತ ಜೋಳ, ಕಡಲೆ, ಶೇಂಗಾ ಬೆಳೆಯುವ ಹೊಲಗಳು. ಕಾಲೇಜಿನ ದಿನಗಳಲ್ಲಿ ಊರಿನ ಹೆಸರು ಹೇಳಿದಾಗಲೆಲ್ಲ "ಆ ಮಂಗಳೂರಲ್ಲ" ಎಂದು ಸೇರಿಸುವುದು ರೂಢಿಯಾಗಿಬಿಟ್ಟಿತ್ತು. ಒಂದೇ ಹೆಸರು ಎರಡು ಬೇರೆ ಸಂಗತಿಗಳನ್ನು ಮುಚ್ಚಿಡಬಲ್ಲದು ಎಂಬ ಮೊದಲ ಪಾಠ ನನಗೆ ಅಲ್ಲಿಂದಲೇ ಸಿಕ್ಕಿದ್ದು. ಈ ಬರಹವೂ ಅಂಥದೇ ಒಂದು ಹೆಸರಿನ ಬಗ್ಗೆ.

ನನ್ನ ಚಿಗವ್ವನನ್ನು ಗಂಗಾವತಿಗೆ ಕೊಟ್ಟಿದ್ದಾರೆ. ಸುಗ್ಗಿ ಹೊತ್ತಿಗೆ ಮಗನನ್ನು ಕರೆದುಕೊಂಡು ತವರಿಗೆ ಬರುತ್ತಿದ್ದಳು. ಅವನನ್ನು ಇಲ್ಲಿ ತಮ್ಮ ಎಂದಷ್ಟೇ ಕರೆಯುತ್ತೇನೆ. ಅವನಿಗೆ ಆಗ ನಾಲ್ಕು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಒಂದು ದಿನ ಅಜ್ಜ ಅವನ ಬೆನ್ನ ಹಿಂದೆ ನಿಂತು ಸ್ಟೀಲ್ ತಾಟಿಗೆ ಚಮಚದಿಂದ ಬಾರಿಸಿದರು. ಹುಡುಗ ಅಲುಗಲಿಲ್ಲ. "ಹುಡುಗಗ ಕಿವಿ ಕೇಳಂಗಿಲ್ಲವಾ, ತೋರಸ್ರಿ ಡಾಕ್ಟರಗೆ" ಎಂದರು ಅಜ್ಜ. ಅದೇ ದಿನ ಮಧ್ಯಾಹ್ನ ಒಳಕೋಣೆಯಲ್ಲಿ ಕುಳಿತಿದ್ದ ಅಜ್ಜಿ ಒಂದೇ ಒಂದು ಶೇಂಗಾಕಾಯಿ ಒಡೆದಳು. ಹೊರಗೆ ಕಟ್ಟೆಯ ಮೇಲಿದ್ದ ಹುಡುಗ ಓಡಿಬಂದು ಅವಳ ಮುಂದೆ ಕೈಯೊಡ್ಡಿದ. "ಕಿವಿ ಕೇಳಂಗಿಲ್ಲಂತ, ಶೇಂಗಾ ಕೇಳತೈತಿ!" ಎಂದು ಅಜ್ಜಿ ನಕ್ಕಳು. ನಾವೂ ನಕ್ಕೆವು. ಕಿವುಡು ಅಲ್ಲ ಎಂದ ಮೇಲೆ ಅದು ಹಟ ಎಂದು ತೀರ್ಮಾನವಾಯಿತು. ಬೇಕಾದ್ದು ಕೇಳುತ್ತಾನೆ, ಬೇಡಾದ್ದು ಬಿಡುತ್ತಾನೆ.

ಕೆಲವು ವರ್ಷಗಳ ನಂತರ ಸಂಶೋಧನೆಗೆಂದು ಶಾಲೆಗಳ ಚರಿತ್ರೆ ಓದುತ್ತಿದ್ದೆ. ಒಂದು ಸಂಜೆ ಗ್ರಂಥಾಲಯದಲ್ಲಿ ಝಾನ್ ಇಟಾರ್ ಎಂಬ ಫ್ರೆಂಚ್ ವೈದ್ಯನ ವರದಿ ಎದುರಾಯಿತು. 1800ರಲ್ಲಿ ದಕ್ಷಿಣ ಫ್ರಾನ್ಸಿನ ಅವೆರಾನ್ ಪ್ರದೇಶದ ಕಾಡಿನಿಂದ ಹೊರಬಂದ, ಸುಮಾರು ಹನ್ನೆರಡು ವರ್ಷದ, ಮಾತು ಬಾರದ ಹುಡುಗನೊಬ್ಬನನ್ನು ಪ್ಯಾರಿಸಿನ ಕಿವುಡ ಮೂಗರ ಸಂಸ್ಥೆಗೆ ತಂದರು. ಅಂದಿನ ಹೆಸರಾಂತ ಮನೋವೈದ್ಯ ಪಿನೆಲ್ ಅವನನ್ನು ಪರೀಕ್ಷಿಸಿ ಇವನು ಹುಟ್ಟು ಮಂದಬುದ್ಧಿಯವನು, ಸುಧಾರಿಸಲಾರ ಎಂದ. ತರುಣ ಇಟಾರ್ ಒಪ್ಪಲಿಲ್ಲ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು ಕಲಿಸಲು ಕುಳಿತ. 1801ರ ತನ್ನ ವರದಿಯಲ್ಲಿ ಅವನು ಬರೆದ ಒಂದು ಸಂಗತಿ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಹತ್ತಿರದಲ್ಲೇ ಪಿಸ್ತೂಲು ಹಾರಿಸಿದರೂ ವಿಕ್ಟರ್ ಬೆಚ್ಚುತ್ತಿರಲಿಲ್ಲವಂತೆ. ಆದರೆ ಅವನಿಗೆ ಇಷ್ಟವಾದ ಅಕ್ರೋಟವನ್ನು ಬೆನ್ನ ಹಿಂದೆ ಮೆಲ್ಲಗೆ ಒಡೆದರೆ ತಕ್ಷಣ ತಿರುಗುತ್ತಿದ್ದನಂತೆ.

ಪ್ಯಾರಿಸಿನ ಅಕ್ರೋಟ, ಮಂಗಳೂರಿನ ಶೇಂಗಾ. ನಡುವೆ ಇನ್ನೂರು ವರ್ಷಕ್ಕೂ ಹೆಚ್ಚು ಅಂತರ.

ವಿಕ್ಟರನಿಗೆ ಏನಾಗಿತ್ತು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅವನು ಆಟಿಸಂ ಇದ್ದ ಮಗುವಾಗಿರಬಹುದು ಎಂದು ಮನೋವಿಜ್ಞಾನಿ ಊಟಾ ಫ್ರಿತ್ ವಾದಿಸಿದ್ದಾರೆ. ಸತ್ತು ಇಷ್ಟು ಕಾಲವಾದವನಿಗೆ ರೋಗನಿರ್ಣಯ ಮಾಡುವುದು ಚರಿತ್ರೆಯ ವಿದ್ಯಾರ್ಥಿಗೆ ಒಪ್ಪುವ ಕೆಲಸವಲ್ಲ. ನನಗೆ ಬೇಕಾದದ್ದು ಇಟಾರ್‌ನ ಕಣ್ಣು. ಕೇಳುವ ಕಿವಿ ಇದ್ದೂ ಸದ್ದಿಗೆ ತಿರುಗದಿರುವುದು ಎಂಬ ಒಗಟನ್ನು ಅವನು ಹಟವೆಂದೋ ದಡ್ಡತನವೆಂದೋ ತಳ್ಳಿಹಾಕಲಿಲ್ಲ. ಈ ಹುಡುಗನ ಇಂದ್ರಿಯಗಳು ಬೇರೆ ರೀತಿ ಕೆಲಸ ಮಾಡುತ್ತಿವೆ, ಕಲಿಕೆ ಅಲ್ಲಿಂದಲೇ ಶುರುವಾಗಬೇಕು ಎಂದುಕೊಂಡ. ಚಳಿ, ಬಿಸಿ, ಸ್ಪರ್ಶ, ರುಚಿ ಒಂದೊಂದನ್ನೂ ಬೇರೆಯಾಗಿ ಗಮನಿಸಿದ. ಇಷ್ಟು ಮುಂಚೆಯೇ ಒಬ್ಬ ಕಂಡ ಸಂಗತಿ ನಮ್ಮ ಪಡಸಾಲೆಗೆ ಬರುವ ಹೊತ್ತಿಗೆ ಎಲ್ಲಿ ಕಳೆದುಹೋಯಿತು? ಆ ಪ್ರಶ್ನೆಯ ಬೆನ್ನುಹತ್ತಿ ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಆಟಿಸಂ ಎಂಬ ಪದವನ್ನು ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್. ಗ್ರೀಕ್ ಭಾಷೆಯಲ್ಲಿ ಆಟೋಸ್ ಎಂದರೆ ತಾನು. 1911ರ ಪುಸ್ತಕದಲ್ಲಿ ಅವನು ಆ ಪದವನ್ನು ಸ್ಕಿಜೋಫ್ರೀನಿಯಾ ಇದ್ದ ದೊಡ್ಡವರು ಹೊರಗಿನ ಲೋಕದಿಂದ ಹಿಂದೆ ಸರಿದು ತಮ್ಮೊಳಗೇ ಇರುವ ಸ್ಥಿತಿಗೆ ಬಳಸಿದ. ಪದ ಮಕ್ಕಳಿಗೆ ಅಂಟಿಕೊಂಡದ್ದು ಆಮೇಲೆ. ಕನ್ನಡದಲ್ಲಿ ಅದು ಸ್ವಲೀನತೆ ಆಯಿತು. ತನ್ನಲ್ಲೇ ಲೀನವಾಗಿರುವುದು. ಕಿವಿಗೆ ಇಂಪಾದ ಪದ, ಧ್ಯಾನಸ್ಥ ಶಿವನ ಚಿತ್ರ ಕಣ್ಣ ಮುಂದೆ ಬರುತ್ತದೆ. ತೊಂದರೆ ಇರುವುದೂ ಅಲ್ಲೇ. ಈ ಮಗುವಿಗೆ ಹೊರಲೋಕ ಬೇಡ, ಅದು ಒಳಗೆ ಮುಳುಗಿದೆ ಎಂದು ಪದವೇ ಮೊದಲು ಹೇಳಿಬಿಡುತ್ತದೆ. ಹೊರಲೋಕ ಆ ಮಗುವಿನೊಳಕ್ಕೆ ಎಷ್ಟು ನುಗ್ಗುತ್ತಿದೆ ಎಂದು ಕೇಳುವುದಕ್ಕೆ ಅದರಲ್ಲಿ ಜಾಗವಿಲ್ಲ.

ಹಾಗೆ ನೋಡಿದರೆ ಮೊದಲ ಬರಹಗಳಲ್ಲೇ ಆ ಸಂಗತಿ ಇತ್ತು. ಮಾಸ್ಕೋದಲ್ಲಿ ಕೆಲಸ ಮಾಡುತ್ತಿದ್ದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ 1925ರಲ್ಲಿ ರಷ್ಯನ್ ಭಾಷೆಯಲ್ಲೂ ಮರುವರ್ಷ ಜರ್ಮನ್ ಭಾಷೆಯಲ್ಲೂ ಆರು ಹುಡುಗರ ಬಗ್ಗೆ ಬರೆದರು. ಗದ್ದಲ ತಾಳಲಾರದೆ ಶಾಂತ ಜಾಗ ಹುಡುಕುವ ಮಕ್ಕಳು ಆ ಬರಹದಲ್ಲಿದ್ದಾರೆ. ಅದು ಇಂಗ್ಲಿಷಿಗೆ ಬಂದದ್ದು 1996ರಲ್ಲಿ, ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನವೇ ಈ ಕ್ಷೇತ್ರದ ಮೂಲ ಪಠ್ಯ ಎನಿಸಿಕೊಂಡಿದೆ. ಆ ಲೇಖನವನ್ನು ಈಗ ಓದಿದರೆ ಅದರಲ್ಲಿ ಸದ್ದುಗಳ ಒಂದು ಪಟ್ಟಿಯೇ ಸಿಗುತ್ತದೆ. ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯುವ ನೀರು, ಗ್ಯಾಸಿನ ಒಲೆ, ಮೊಟ್ಟೆ ಕಡೆಯುವ ಯಂತ್ರ, ಕೊನೆಗೆ ಗಾಳಿ. ಇವುಗಳಿಗೆ ಮಕ್ಕಳು ದಿಗಿಲುಬೀಳುತ್ತಿದ್ದರು ಎಂದು ಕಾನರ್ ದಾಖಲಿಸಿದರು. ಇನ್ನೊಂದು ಮಾತನ್ನೂ ಸೇರಿಸಿದರು. ಅದೇ ಮಗು ತಾನೇ ಅಷ್ಟೇ ದೊಡ್ಡ ಸದ್ದನ್ನು ಖುಷಿಯಿಂದ ಮಾಡಬಲ್ಲದು, ಹಾಗಾಗಿ ಅದಕ್ಕೆ ಕಷ್ಟವಾಗುವುದು ಸದ್ದಲ್ಲ, ಸದ್ದು ತನ್ನ ಏಕಾಂತದೊಳಗೆ ನುಗ್ಗುವುದು ಎಂದರು.

ಸಾಕ್ಷ್ಯ ಹಿಡಿದದ್ದು ಸರಿ. ವಿವರಣೆ ಮಾತ್ರ ಪದದ ಹಿಂದೆ ಹೋಯಿತು. ಮಗು ಒಂಟಿತನ ಬಯಸುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ಸದ್ದಿನ ಭಯ ಆ ಬಯಕೆಯ ಅಡಿಟಿಪ್ಪಣಿಯಾಯಿತು. ಮಗು ಮಾಡುವ ಸದ್ದಿಗೂ ಮಗುವಿನ ಮೇಲೆ ಬೀಳುವ ಸದ್ದಿಗೂ ಇರುವ ವ್ಯತ್ಯಾಸಕ್ಕೆ ಇನ್ನೊಂದು ಸರಳ ಕಾರಣವೂ ಇದೆ. ತಾನು ಮಾಡುವ ಸದ್ದು ಯಾವಾಗ ಬರುತ್ತದೆ ಎಂದು ಮಗುವಿಗೆ ಗೊತ್ತಿರುತ್ತದೆ. ಬೇರೆಯವರು ಮಾಡುವುದು ಗೊತ್ತಿರುವುದಿಲ್ಲ. ಪಟಾಕಿ ಹಚ್ಚುವವನು ಬೆಚ್ಚುವುದಿಲ್ಲ, ಪಕ್ಕದಲ್ಲಿ ಹೋಗುವವನು ಬೆಚ್ಚುತ್ತಾನೆ.

ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದ ಪ್ರಬಂಧದಲ್ಲೂ ರುಚಿ, ಸ್ಪರ್ಶ, ಸದ್ದುಗಳ ಬಗ್ಗೆ ಮಕ್ಕಳಿಗಿದ್ದ ಅತಿಸೂಕ್ಷ್ಮತೆಯ ಉಲ್ಲೇಖವಿದೆ. ನಾಜಿ ಕಾಲದಲ್ಲಿ ಮಕ್ಕಳನ್ನು ಸಾವಿಗೆ ತಳ್ಳುತ್ತಿದ್ದ ಆಸ್ಪತ್ರೆಗೆ ಕೆಲವು ಮಕ್ಕಳನ್ನು ಕಳುಹಿಸಿದ್ದರಲ್ಲಿ ಅವನ ಪಾತ್ರವಿತ್ತು ಎಂದು ಹರ್ವಿಗ್ ಚೆಕ್ ಎಂಬ ಇತಿಹಾಸಕಾರ 2018ರಲ್ಲಿ ದಾಖಲೆಗಳ ಸಮೇತ ತೋರಿಸಿದರು. ಹಾಗಾಗಿ ಆ ಹೆಸರನ್ನು ಈಗ ಯಾರೂ ಹಗುರವಾಗಿ ಹೇಳುವುದಿಲ್ಲ.

1949ರಲ್ಲಿ ಬರ್ಗ್ಮನ್ ಮತ್ತು ಎಸ್ಕಲೋನಾ ಎಂಬ ಇಬ್ಬರು ಪುಟ್ಟ ಮಕ್ಕಳ ಅಸಾಮಾನ್ಯ ಸೂಕ್ಷ್ಮತೆಗಳ ಬಗ್ಗೆಯೇ ಪ್ರತ್ಯೇಕ ಲೇಖನ ಬರೆದರು. ಆದರೆ ಆ ದಾರಿ ಅಲ್ಲೇ ಕವಲೊಡೆಯಿತು. ಅದೇ ವರ್ಷ ಕಾನರ್ ತಂದೆತಾಯಿಗಳ ತಣ್ಣನೆಯ ಸ್ವಭಾವಕ್ಕೆ ಫ್ರಿಜ್ಜಿನ ಹೋಲಿಕೆ ಕೊಟ್ಟರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಆ ಹೋಲಿಕೆಯನ್ನು ಮನೆಮನೆಗೆ ಮುಟ್ಟಿಸಿತು. ತಾಯಿ ಪ್ರೀತಿಸಲಿಲ್ಲ, ಆದ್ದರಿಂದ ಮಗು ಒಳಗೆ ಸರಿಯಿತು ಎಂಬ ಕಥೆ ಅದು. ಕಥೆ ಒಪ್ಪಿದ ಮೇಲೆ ಇಂದ್ರಿಯಗಳ ಮಾತಿಗೆ ಕೆಲಸವೇ ಇರಲಿಲ್ಲ. ಮಗು ಕಿವಿ ಮುಚ್ಚಿಕೊಂಡರೆ ಅದು ತಾಯಿಯ ದನಿಯನ್ನು ತಿರಸ್ಕರಿಸುವುದು. ಅಪ್ಪಿಕೊಂಡಾಗ ಮೈ ಸೆಟೆಸಿದರೆ ಅದು ತಾಯಿಯ ಅಪ್ಪುಗೆಯನ್ನು ತಿರಸ್ಕರಿಸುವುದು.

ಈ ಕಥೆ ಅಮೆರಿಕದಲ್ಲಿ ಹುಟ್ಟಿ ಅಲ್ಲೇ ಸತ್ತಿತು ಎಂದುಕೊಂಡಿದ್ದೆ. ತಮ್ಮನಿಗೆ ಐದು ವರ್ಷವಾದಾಗ ಚಿಗವ್ವ ಅವನನ್ನು ಒಬ್ಬ ಡಾಕ್ಟರ ಬಳಿ ತೋರಿಸಿದಳು. ಮಗುವಿನ ಜೊತೆ ನೀವು ಮಾತಾಡುವುದಿಲ್ಲ, ಟಿವಿ ಮುಂದೆ ಕೂರಿಸಿ ಮನೆಗೆಲಸ ಮಾಡುತ್ತೀರಿ, ಅದಕ್ಕೇ ಹೀಗಾಗಿದೆ ಎಂದರಂತೆ ಅವರು. ಚಿಗವ್ವ ತಿಂಗಳುಗಟ್ಟಲೆ ಟಿವಿಗೆ ಬಟ್ಟೆ ಮುಚ್ಚಿಟ್ಟಿದ್ದಳು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಕರೆದೊಯ್ದಾಗ ತೇರಿನ ಗದ್ದಲದಲ್ಲಿ ಹುಡುಗ ಚೀರಿ ತನ್ನ ಕೈಯನ್ನೇ ಕಚ್ಚಿಕೊಂಡ. "ದೇವರ ಮುಂದ ಹಿಂಗ ಮಾಡತಾನಂದ್ರ ಏನೋ ಗಾಳಿ ಹೊಕ್ಕೈತಿ" ಎಂದರು ಸುತ್ತ ನಿಂತವರು. "ಅಲ್ಲವಾ, ನಾ ಏನ್ ಕಡಿಮಿ ಮಾಡೀನಿ ಇಂವಗ?" ಎಂದು ಅವಳು ನನ್ನನ್ನು ಕೇಳಿದ್ದು ಅವತ್ತು ರಾತ್ರಿ. ಬೆಟಲ್‌ಹೈಮ್ ಹೆಸರನ್ನು ಅವಳು ಕೇಳಿಲ್ಲ. ಅವನ ವಾದ ಮಾತ್ರ ಅವಳ ಮನೆ ಹೊಕ್ಕಿತ್ತು.

ಆ ವಾದವನ್ನು ಮುರಿದವರಲ್ಲಿ ತಂದೆತಾಯಿಗಳೇ ಮುಂದಿದ್ದರು. ಅಮೆರಿಕದ ಬರ್ನಾರ್ಡ್ ರಿಮ್ಲಂಡ್ ಮನೋವಿಜ್ಞಾನಿ, ಆಟಿಸಂ ಇದ್ದ ಮಗನ ತಂದೆ. ಇದು ಜೈವಿಕ ಸಂಗತಿ, ತಾಯಿಯ ತಪ್ಪಲ್ಲ ಎಂದು 1964ರಲ್ಲೇ ಪುಸ್ತಕ ಬರೆದರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಕಾನರ್ ಅವರೇ. ಇಂಗ್ಲೆಂಡಿನ ಲೋರ್ನಾ ವಿಂಗ್ ಮನೋವೈದ್ಯೆ, ಅವರ ಮಗಳಿಗೂ ಆಟಿಸಂ. ಅವರು ಇತರ ಪೋಷಕರ ಜೊತೆ ಸೇರಿ 1962ರಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯಾಯಿತು. ನಿಮ್ಮ ಮಗು ಏನನ್ನು ಮುಟ್ಟುತ್ತದೆ, ಏನನ್ನು ಮೂಸುತ್ತದೆ, ಯಾವ ಸದ್ದಿಗೆ ಹೆದರುತ್ತದೆ ಎಂದು ವಿಂಗ್ ಪೋಷಕರನ್ನೇ ಕ್ರಮವಾಗಿ ಕೇಳಿದರು. 1968ರಲ್ಲಿ ಆರ್ನಿಟ್ಜ್ ಮತ್ತು ರಿಟ್ವೊ ಎಂಬ ವೈದ್ಯರು ಗ್ರಹಿಕೆಯ ಅಸ್ಥಿರತೆಯೇ ಆಟಿಸಂನ ತಿರುಳು ಎಂದು ವಾದಿಸಿದರು. ಅವರ ಪ್ರಕಾರ ಒಂದೇ ಮಗುವಿನಲ್ಲಿ ಇಂದ್ರಿಯ ಒಮ್ಮೆ ಅತಿಯಾಗಿ ತೆರೆದುಕೊಳ್ಳುತ್ತದೆ, ಒಮ್ಮೆ ಮುಚ್ಚಿಕೊಳ್ಳುತ್ತದೆ. ಪಿಸ್ತೂಲು ಮತ್ತು ಅಕ್ರೋಟದ ಒಗಟಿಗೆ ಒಂದು ಉತ್ತರ ಇಲ್ಲಿ ಮೂಡತೊಡಗಿತು.

ಆದರೂ ಇವೆಲ್ಲ ಹೊರಗಿನಿಂದ ನೋಡಿದವರ ಮಾತುಗಳು. ಒಳಗಿನಿಂದ ಬಂದ ಮಾತು ಚರಿತ್ರೆಯನ್ನು ತಿರುಗಿಸಿತು. 1986ರಲ್ಲಿ ಟೆಂಪಲ್ ಗ್ರಾಂಡಿನ್ ಆತ್ಮಕಥೆ ಬರೆದರು. ಬೇರೆಯವರ ಅಪ್ಪುಗೆ ಅವರಿಗೆ ಮೈಮೇಲೆ ಅಲೆ ಬಿದ್ದಂತೆ. ಆದರೆ ಒತ್ತಡ ಬೇಕೆನಿಸುತ್ತಿತ್ತು. ಅರಿಜೋನಾದಲ್ಲಿ ದನಗಳಿಗೆ ಲಸಿಕೆ ಹಾಕಲು ಎರಡೂ ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟನ್ನು ಕಂಡು ತಮಗಾಗಿಯೇ ಅಂಥದೊಂದನ್ನು ಮಾಡಿಕೊಂಡರು. ಒತ್ತಡ ಎಷ್ಟಿರಬೇಕು ಎಂಬುದು ಅವರ ಕೈಯಲ್ಲೇ ಇತ್ತು. ಅಪ್ಪುಗೆಯನ್ನು ತಿರಸ್ಕರಿಸುವ ಮಗು ಎಂಬ ಹಳೆಯ ವ್ಯಾಖ್ಯಾನ ಆ ಹಲಗೆಗಳ ನಡುವೆ ಪುಡಿಯಾಯಿತು. 1992ರಲ್ಲಿ ಆಸ್ಟ್ರೇಲಿಯಾದ ಡೊನಾ ವಿಲಿಯಮ್ಸ್ ಅವರ ಆತ್ಮಕಥೆ ಬಂತು.

ಇವರಿಬ್ಬರೂ ಮಾತಾಡಬಲ್ಲವರು. ಮಾತು ಬಾರದವರ ಒಳಗಿನ ಸುದ್ದಿ ಬಂದದ್ದು ನಮ್ಮ ಕರ್ನಾಟಕದಿಂದ. ಇದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಿಗುವುದಿಲ್ಲ. ಟಿಟೊ ರಾಜರ್ಷಿ ಮುಖೋಪಾಧ್ಯಾಯ 1989ರಲ್ಲಿ ಹುಟ್ಟಿದವರು. ಬಾಲ್ಯ ಕಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮಾತು ಬಾರದ ಮಗನಿಗೆ ತಾಯಿ ಸೋಮಾ ಅಕ್ಷರದ ಹಲಗೆ ತೋರಿಸಿ ಕಲಿಸಿದರು, ಕೈಗೆ ಪೆನ್ಸಿಲ್ ಕಟ್ಟಿ ಬರೆಸಿದರು. ಎಂಟರಿಂದ ಹನ್ನೊಂದು ವರ್ಷದೊಳಗೆ ಟಿಟೊ ಬರೆದದ್ದನ್ನು ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2000ದಲ್ಲಿ 'ಬಿಯಾಂಡ್ ದ ಸೈಲೆನ್ಸ್' ಎಂಬ ಪುಸ್ತಕವಾಗಿ ತಂದಿತು. ಬಿಬಿಸಿ ಸಾಕ್ಷ್ಯಚಿತ್ರ ಮಾಡಿತು. 2001ರಲ್ಲಿ ತಾಯಿ ಮಗ ಅಮೆರಿಕಕ್ಕೆ ಹೋದರು. 2008ರಲ್ಲಿ ಬಂದ ಪುಸ್ತಕದಲ್ಲಿ ಟಿಟೊ ತಮ್ಮ ಗ್ರಹಿಕೆಯನ್ನು ಇನ್ನೂ ಬಿಡಿಸಿ ಹೇಳಿದ್ದಾರೆ. ಅವರು ಹೇಳುವುದರ ಸಾರ ಇಷ್ಟು. ನೋಡುವುದು, ಕೇಳುವುದು ಎರಡೂ ಒಟ್ಟಿಗೆ ಆಗುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು, ತಾನು ಕೇಳುವುದನ್ನು ಆರಿಸಿಕೊಂಡವನು. ಆದ್ದರಿಂದಲೇ ಮಾತಾಡುವವರ ಮುಖ ನೋಡುವುದಿಲ್ಲ. ಒಂದು ವಸ್ತುವಿನ ಬಣ್ಣ, ಆಕಾರ, ಅಂಚುಗಳು ಬಿಡಿಬಿಡಿಯಾಗಿ ಮೊದಲು ಬರುತ್ತವೆ, ಇದು ಬಾಗಿಲು ಎಂಬ ಹೆಸರು ಆಮೇಲೆ ಬರುತ್ತದೆ.

ಕಣ್ಣಿಗೆ ಕಣ್ಣು ಕೊಡದ ಮಗು ಕೇಳಿಸಿಕೊಳ್ಳುತ್ತಿಲ್ಲ ಎಂದು ನಾವು ತಿಳಿದಿದ್ದೆವು. ಕೇಳಿಸಿಕೊಳ್ಳುವುದಕ್ಕಾಗಿಯೇ ಕಣ್ಣು ಕೊಡುತ್ತಿಲ್ಲ ಎಂದು ಮೈಸೂರಿನಲ್ಲಿ ಬೆಳೆದ ಹುಡುಗ ಬರೆದ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಸೋಮಾ ಅವರ ವಿಧಾನ ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ, ಅದರ ಮೇಲೆ ದೊಡ್ಡ ವಿವಾದವೂ ಇದೆ. ಹಲಗೆ ಹಿಡಿದವರ ಸೂಚನೆಗೆ ಮಗು ಸ್ಪಂದಿಸುತ್ತಿರಬಹುದು, ಬರುವ ಮಾತು ಮಗುವಿನದೇ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಆ ವಿಧಾನವನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ಟಿಟೊ ತಮ್ಮ ಕೈಯಲ್ಲೇ ಬರೆಯಬಲ್ಲವರಾದ್ದರಿಂದ ಅವರನ್ನು ಬೇರೆಯಾಗಿ ನೋಡಬೇಕೆನ್ನುವವರೂ ಇದ್ದಾರೆ. ಹಾಗೆಂದು ಒಬ್ಬ ಟಿಟೊ ಎಲ್ಲ ಮಕ್ಕಳ ಪರವಾಗಿ ಸಾಕ್ಷಿ ನುಡಿಯಲಾರರು. ಆದರೆ ಬೇರೆ ಬೇರೆ ದೇಶಗಳ, ಒಬ್ಬರನ್ನೊಬ್ಬರು ಅರಿಯದವರ ಆತ್ಮಕಥೆಗಳು ಒಂದೇ ಕಡೆ ಬೊಟ್ಟು ಮಾಡುವಾಗ ಅದನ್ನು ಪಕ್ಕಕ್ಕಿಡಲು ಆಗುವುದಿಲ್ಲ. ಚರಿತ್ರೆಯಲ್ಲಿ ಶಾಸನಗಳನ್ನು ನಾವು ಓದುವುದೂ ಹೀಗೆಯೇ. ಒಂದೇ ಶಾಸನವಿದ್ದರೆ ಅನುಮಾನಿಸುತ್ತೇವೆ, ಹತ್ತು ಕಡೆ ಅದೇ ಮಾತು ಸಿಕ್ಕರೆ ನಿಲ್ಲುತ್ತೇವೆ.

ಪ್ರಯೋಗಾಲಯವೂ ಈ ದಾರಿಗೆ ಬಂತು. 1989ರಲ್ಲಿ ಊಟಾ ಫ್ರಿತ್, ಆಟಿಸಂ ಇದ್ದವರಲ್ಲಿ ಬಿಡಿ ವಿವರಗಳನ್ನು ಒಂದು ಇಡಿಯಾಗಿ ಕೂಡಿಸುವ ಒಲವು ಕಡಿಮೆ ಎಂದರು. ಕೆನಡಾದ ಲಾರೆಂಟ್ ಮೊಟ್ರಾನ್ ಮತ್ತು ಜೇಕ್ ಬ್ಯುರಾಕ್ 2001ರಲ್ಲಿ ಅದನ್ನೇ ಮಗುಚಿ ಹಾಕಿದರು. ಕೂಡಿಸುವುದು ಕಡಿಮೆಯಾಗಿರಬೇಕಿಲ್ಲ, ಬಿಡಿಯಾಗಿ ಗ್ರಹಿಸುವುದೇ ಹೆಚ್ಚು ಬಲವಾಗಿದೆ ಎಂಬುದು ಅವರ ವಾದ. ಕೊರತೆ ಎಂದು ಬರೆದಿದ್ದ ಕಡೆ ಸಾಮರ್ಥ್ಯ ಎಂದು ಬರೆಯಬಹುದಾಯಿತು. ಇದನ್ನು ಅತಿಮಾನುಷ ಶಕ್ತಿ ಎಂದು ಹಿಗ್ಗಿಸುವುದೂ ತಪ್ಪೇ. ಕಿವಿ ಪರೀಕ್ಷೆ ಮಾಡಿದರೆ ಎಷ್ಟೋ ಮಕ್ಕಳ ಕಿವಿ ಎಲ್ಲರಂತೆಯೇ ಇರುತ್ತದೆ. ಬಂದ ಸದ್ದಿಗೆ ಮಿದುಳು ಒಗ್ಗಿಕೊಳ್ಳುವ ರೀತಿ ಬೇರೆ. ಗಿರಣಿಯ ಪಕ್ಕದ ಮನೆಯವರಿಗೆ ಎರಡು ದಿನದಲ್ಲಿ ಗಿರಣಿ ಕೇಳಿಸದಂತಾಗುತ್ತದೆ. ಕೆಲವರಿಗೆ ಅದು ದಿನವೂ ಮೊದಲ ದಿನವೇ. ಇನ್ನು ಕೆಲವು ಮಕ್ಕಳಿಗೆ ಸುಟ್ಟರೂ ಗಾಯವಾದರೂ ನೋವು ತಡವಾಗಿ ಗೊತ್ತಾಗುತ್ತದೆ, ಅದು ಅಪಾಯ.

ಇಷ್ಟಾದರೂ ರೋಗನಿರ್ಣಯದ ಅಧಿಕೃತ ಕೈಪಿಡಿಗೆ ಇಂದ್ರಿಯಗಳು ಸೇರಲು ಕಾಲ ಹಿಡಿಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1980ರ ಮೂರನೆಯ ಆವೃತ್ತಿಯಲ್ಲಿ ಆಟಿಸಂಗೆ ಮೊದಲ ಬಾರಿ ಪ್ರತ್ಯೇಕ ಜಾಗ ಕೊಟ್ಟಿತು. 1994ರ ನಾಲ್ಕನೆಯ ಆವೃತ್ತಿಯಲ್ಲಿದ್ದ ಹನ್ನೆರಡು ಲಕ್ಷಣಗಳಲ್ಲಿ ಇಂದ್ರಿಯ ಸೂಕ್ಷ್ಮತೆ ಇರಲಿಲ್ಲ. 2013ರ ಐದನೆಯ ಆವೃತ್ತಿಯಲ್ಲಿ ಬಂತು. ಕಾನರ್ ಅವರ ಗಾಳಿ, ನೀರು, ಗ್ಯಾಸಿನ ಒಲೆಗಳ ಪಟ್ಟಿಯಿಂದ ಲೆಕ್ಕ ಹಾಕಿದರೆ ಎಪ್ಪತ್ತು ವರ್ಷ.

ನಮ್ಮಲ್ಲಿ ಕಾನೂನಿನ ಲೆಕ್ಕ ಬೇರೆ. ಅಂಗವಿಕಲರ 1995ರ ಕಾಯ್ದೆಯಲ್ಲಿ ಏಳು ವಿಧಗಳಿದ್ದವು, ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದರ ಹೆಸರು ಬಂತು. 2011ರ ಜನಗಣತಿಯ ನಮೂನೆಯಲ್ಲಿ ಅದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. 2016ರ ಕಾಯ್ದೆಯ ಇಪ್ಪತ್ತೊಂದು ವಿಧಗಳಲ್ಲಿ ಅದು ಸೇರಿತು. ಕಾಗದದ ಮೇಲೆ ಹೆಸರು ಬಂದಿದೆ. ಆದರೆ ರಾಂಪು, ಬ್ರೈಲ್ ಎಂದರೆ ಅರ್ಥವಾಗುವ ಶಾಲೆಗೆ ಸದ್ದು ಕೂಡ ಒಂದು ಮೆಟ್ಟಿಲು ಎಂದು ಹೇಳಿದರೆ ಇನ್ನೂ ಅರ್ಥವಾಗುವುದಿಲ್ಲ. ತಮ್ಮ ಶಾಲೆಗೆ ಹೋದದ್ದು ಹನ್ನೊಂದು ದಿನ. ಗಂಟೆಯ ಬದಲು ತೂಗುಹಾಕಿದ ಕಬ್ಬಿಣದ ತುಂಡನ್ನು ಬಾರಿಸುತ್ತಿದ್ದರು, ಅದು ಅವನ ತರಗತಿಯ ಕಿಟಕಿಯ ಹೊರಗೇ ಇತ್ತು. ಅದನ್ನು ಬೇರೆ ಕಡೆ ಕಟ್ಟುತ್ತೀರಾ ಎಂದು ಚಿಗವ್ವ ಕೇಳಿದಳು. ಒಬ್ಬ ಹುಡುಗನಿಗಾಗಿ ಗಂಟೆ ಎತ್ತಿಡೂದೇನ್ರೀ ಎಂದು ನಕ್ಕರಂತೆ. ಹನ್ನೆರಡನೆಯ ದಿನ ಅವನು ಹೋಗಲಿಲ್ಲ.

ಹೋದ ದೀಪಾವಳಿಗೆ ಗಂಗಾವತಿಗೆ ಹೋಗಿದ್ದೆ. ತಮ್ಮನಿಗೆ ಈಗ ಹದಿಮೂರು. ವಾಕ್ಯಗಳಲ್ಲಿ ಮಾತಾಡುವುದಿಲ್ಲ, ಕೆಲವು ಪದ ಹೇಳುತ್ತಾನೆ. ಇಟಾರ್, ಕಾನರ್, ಟಿಟೊ ಎಂದೆಲ್ಲ ಫೋನಿನಲ್ಲಿ ನಾನು ಹೇಳುತ್ತಿದ್ದದ್ದನ್ನು ಚಿಗವ್ವ ಅರ್ಧ ಕೇಳಿ ಅರ್ಧ ಬಿಡುತ್ತಿದ್ದಳು ಎಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಚಟ್ನಿಗೆಂದು ಮಿಕ್ಸರಿಗೆ ಶೇಂಗಾ ಹಾಕಿದವಳು ಗುಂಡಿ ಒತ್ತಲಿಲ್ಲ. ಬಾಗಿಲಿಗೆ ಬಂದು, "ತಮ್ಮಾ, ಮಿಕ್ಸರ್ ಹಚ್ಚತೀನಿ" ಎಂದಳು. ಅವನು ಅವಳ ಕಡೆ ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋದ. ಹೋಗುವಾಗ ಬಾಗಿಲು ಎಳೆದುಕೊಂಡ. ಚಿಗವ್ವ ಐದು ಎಣಿಸಿ ಗುಂಡಿ ಒತ್ತಿದಳು. ಸದ್ದು ನಿಂತ ಮೇಲೆ ಅವನು ತಾನಾಗಿ ಒಳಗೆ ಬಂದು, ಬೋಗುಣಿಯಲ್ಲಿ ಉಳಿದಿದ್ದ ಶೇಂಗಾಕಾಯಿ ಹಿಡಿದು ನನ್ನ ಪಕ್ಕ ಕುಳಿತ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಡೆಯುತ್ತ ಹೋದ.